ಚೆಂಡು ಹೂವಿನ ಎಲೆಯ ವಾಸನೆ ಹಿಡಿದು

ಮಂಡ್ಯದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿದ 31 ವರ್ಷಗಳಲ್ಲಿ ಪ್ರತಿ ವರ್ಷವೂ ಒಂದು ದಿನ ನಾನು ಕಪ್ಪು ಹಲಗೆಯ ಮೇಲೆ ‘ಪೆರು’ ಎಂದು ಬರೆಯುತ್ತಿದ್ದೆ. ಬೆಳೆಗಳು ಮೊದಲು ಎಲ್ಲಿ ಪಳಗಿದವು ಎಂಬುದನ್ನು ಹುಡುಕುತ್ತ ಲೋಕ ಸುತ್ತಿದ ರಷ್ಯದ ವಿಜ್ಞಾನಿ ನಿಕೊಲಾಯ್ ವಾವಿಲೋವ್ ಗುರುತಿಸಿದ ಮೂಲಕೇಂದ್ರಗಳಲ್ಲಿ ಪೆರು, ಎಕ್ವಡಾರ್, ಬೊಲಿವಿಯಗಳ ಬೆಟ್ಟಸೀಮೆಯೂ ಒಂದು. ಉರುಳಗೆಡ್ಡೆ ಯಾವ ಊರಿನದು ಎಂದು ಕೇಳಿದರೆ ತರಗತಿಯಲ್ಲಿ ನಾಲ್ಕಾರು ಮಕ್ಕಳಾದರೂ ಹಾಸನ ಎನ್ನುತ್ತಿದ್ದರು. ಟಿಟಿಕಾಕಾ ಸರೋವರದ ಆಸುಪಾಸಿನಲ್ಲಿ ಸಾವಿರಾರು ವರ್ಷಗಳ ಹಿಂದೆ ಆ ಗೆಡ್ಡೆಯನ್ನು ಪಳಗಿಸಿದ ರೈತರ ಬಗ್ಗೆ ಆಗ ಅವರಿಗೆ ಹೇಳುತ್ತಿದ್ದೆ. ದೇವರಾಜ ಮಾರುಕಟ್ಟೆಯಲ್ಲಿ ನಾವು ಡಬಲ್ ಬೀನ್ಸ್ ಎಂದು ಕೊಳ್ಳುವ ಕಾಳಿಗೆ ಇಂಗ್ಲಿಷಿನಲ್ಲಿ ಪೆರುವಿನ ರಾಜಧಾನಿ ಲಿಮಾದ ಹೆಸರೇ ಇದೆಯೆಂದು ಹೇಳುತ್ತಿದ್ದೆ. ಸಿಪಾನ್ ಎಂಬಲ್ಲಿ 1987ರಲ್ಲಿ ತೆರೆದ ಅರಸನೊಬ್ಬನ ಸಮಾಧಿಯಲ್ಲಿ ಚಿನ್ನ ಬೆಳ್ಳಿಗಳಲ್ಲಿ ಮಾಡಿದ ಕಡಲೆಕಾಯಿಗಳ ಹಾರ ಸಿಕ್ಕಿತೆಂದಾಗ ಮಾತ್ರ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಿದ್ದರು. ಇಷ್ಟೆಲ್ಲ ಬೆಳೆಗಳ ತವರು ನನಗೆ ಗೊತ್ತಿತ್ತು. ಆ ತವರಿನಲ್ಲಿ ಅವನ್ನು ಹೇಗೆ ಬೇಯಿಸಿ ಉಣ್ಣುತ್ತಾರೆ ಎಂಬುದು ಗೊತ್ತಿರಲಿಲ್ಲ. ನಿವೃತ್ತಿಯಾಗಿ ಮೈಸೂರಿನ ಕುವೆಂಪುನಗರಕ್ಕೆ ಬಂದು ನೆಲೆಸಿದ ಮೇಲೂ ಆ ಕೊರತೆ ಮನಸ್ಸಿನಲ್ಲಿ ಉಳಿದೇ ಇತ್ತು.

ಕಳೆದ ವರ್ಷ ಮೇ ತಿಂಗಳಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕದ ನ್ಯೂಜೆರ್ಸಿಗೆ ಹೋದೆ. ಅವರ ಮನೆ ಇರುವುದು ಪಾರ್ಸಿಪನಿ ಎಂಬ ಊರಿನಲ್ಲಿ. ನ್ಯೂಯಾರ್ಕ್ ಮಹಾನಗರದ ಸೆರಗಿನಲ್ಲಿರುವ ಆ ಊರಿನಲ್ಲಿ ನಮ್ಮ ಕಡೆಯ ರಾಗಿಹಿಟ್ಟೂ ಸಿಗುತ್ತದೆ. ಮಗುವಿಗೆ ಎರಡು ತಿಂಗಳು ತುಂಬಿದ ಮೇಲೆ ಒಂದು ದಿನ ಮಗಳು, “ಅಮ್ಮ, ಬಂದಾಗಿನಿಂದ ಒಲೆಯ ಮುಂದೆಯೇ ಇದ್ದೀಯ, ನಿನಗೆ ಏನು ನೋಡಬೇಕು ಅಂತ ಆಸೆ ಇದೆ, ಹೇಳು” ಎಂದು ಕೇಳಿದಳು. ನೋಡುವುದು ಏನೂ ಬೇಡ, ಪೆರು ದೇಶದವರ ಅಡುಗೆಯನ್ನು ಒಮ್ಮೆ ಉಣ್ಣಬೇಕು ಎಂದೆ. ಅವಳಿಗೆ ಆಶ್ಚರ್ಯವಾಯಿತು, ಅಳಿಯಂದಿರು ಮಾತ್ರ ಕೂಡಲೇ ಫೋನು ತೆಗೆದು ಹುಡುಕಿ, ಮ್ಯಾನ್‌ಹಟನ್ನಿನ ಹೆಸರಾಂತ ಹೋಟೆಲೊಂದರಲ್ಲಿ ಶನಿವಾರ ರಾತ್ರಿಗೆ ಮೇಜು ಕಾದಿರಿಸಿದರು.

ಆ ಹೋಟೆಲಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೊದಲು ತರಿಸಿದ್ದು ಪಾಪಾ ಅ ಲಾ ವಾಂಕಾಯಿನಾ. ಬೇಯಿಸಿದ ಉರುಳಗೆಡ್ಡೆಯ ಬಿಲ್ಲೆಗಳ ಮೇಲೆ ಗಿಣ್ಣು (ಚೀಸ್), ಹಾಲು ಮತ್ತು ಅಹಿ ಅಮರಿಯೊ ಎಂಬ ಮೆಣಸಿನಕಾಯಿಯನ್ನು ಸೇರಿಸಿ ರುಬ್ಬಿದ ಹಳದಿ ಗೊಜ್ಜನ್ನು ಸುರಿದು, ಮೇಲೊಂದು ಬೇಯಿಸಿದ ಮೊಟ್ಟೆ, ಒಂದೆರಡು ಕಪ್ಪು ಆಲಿವ್ ಕಾಯಿ ಇಟ್ಟು ಕೊಡುವ ತಣ್ಣನೆಯ ತಿನಿಸು ಅದು. ತಟ್ಟೆ ಚಿತ್ರ ಬರೆದಂತಿತ್ತು. ಬಾಯಿಗಿಟ್ಟ ಕೂಡಲೇ ನನಗೆ ಸಿಕ್ಕಿದ್ದು ಅರಿಸಿನದ ಹಸಿ ವಾಸನೆ. ಅರಿಸಿನದ ಕೊಂಬನ್ನು ಬೇಯಿಸಿ, ಒಣಗಿಸಿ, ಕುಟ್ಟಿಸಿ ಡಬ್ಬಿ ತುಂಬಿಸುವ ಮನೆಯಲ್ಲಿ ಬೆಳೆದವರಿಗೆ ಅದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಳದಿ ಮೆಣಸಿನಕಾಯಿಯಿಂದ ಬರಬೇಕಾಗಿದ್ದ ಬಣ್ಣವನ್ನು ಅಲ್ಲಿ ಅರಿಸಿನದಿಂದ ತರಿಸಿದ್ದರು. ಖಾರವೇ ಇರಲಿಲ್ಲ. ಮನೆಗೆ ಹಿಂದಿರುಗುವ ದಾರಿಯುದ್ದಕ್ಕೂ ನನಗೆ ಬೇಸರವಾಗಿತ್ತು. ದುಡ್ಡು ದಂಡವಾದದ್ದಕ್ಕಿಂತ, ಮೂವತ್ತು ವರ್ಷ ಹೆಸರು ಬರೆದು ಕಾದ ಊಟವೊಂದು ಹೀಗೆ ಬಣ್ಣವಷ್ಟೇ ಆಗಿ ಎದುರಿಗೆ ಬಂದದ್ದು ನೋವಾಗಿತ್ತು.

ಹೀಗೆ ಆಗುವುದಕ್ಕೆ ಕಾರಣವೂ ಇದೆ. ಲಿಮಾದಲ್ಲಿ ಗಾಸ್ತೋನ್ ಅಕೂರಿಯೊ ಮತ್ತು ಆಸ್ಟ್ರಿಡ್ ಗುಟ್ಶೆ ದಂಪತಿ 1994ರಲ್ಲಿ ತಮ್ಮ ಹೋಟೆಲನ್ನು ತೆರೆದ ಮೇಲೆ ಪೆರುವಿನ ಅಡುಗೆಗೆ ಲೋಕದ ಕಣ್ಣು ಬೀಳತೊಡಗಿತು. ಲೋಕದ 50 ಅತ್ಯುತ್ತಮ ಹೋಟೆಲುಗಳ ಪಟ್ಟಿಯಲ್ಲಿ ಲಿಮಾದ ಸೆಂಟ್ರಲ್ 2023ರಲ್ಲಿ, ಅದೇ ನಗರದ ಮೈದೊ 2025ರಲ್ಲಿ ಮೊದಲ ಸ್ಥಾನ ಪಡೆದವು. ಹೆಸರು ಬಂದ ಅಡುಗೆಯನ್ನು ಹೆಸರಿಗಾಗಿ ಮಾಡುವವರು ಎಲ್ಲ ಮಹಾನಗರಗಳಲ್ಲೂ ಹುಟ್ಟಿಕೊಳ್ಳುತ್ತಾರೆ. ಅಂಥ ಕಡೆ ಉಣ್ಣುವವರಲ್ಲಿ ಹೆಚ್ಚಿನವರಿಗೆ ಮೂಲದ ರುಚಿ ಗೊತ್ತಿರುವುದಿಲ್ಲ. ಅವರೇ ಫೋನಿನಲ್ಲಿ ನಕ್ಷತ್ರಗಳನ್ನೂ ಕೊಡುತ್ತಾರೆ. ಹಾಗಾಗಿ ನಕ್ಷತ್ರಗಳನ್ನು ಎಣಿಸಿ ಹೋದರೆ ನಾವು ತಲುಪುವುದು ನಮ್ಮಂತೆಯೇ ಹೊಸಬರು ಮೆಚ್ಚಿದ ಜಾಗವನ್ನು.

ಆ ರಾತ್ರಿ ನನಗೆ ನೆನಪಾದದ್ದು ನನ್ನ ದೊಡ್ಡಪ್ಪ. ಮೈಸೂರಿನ ಮಾನಂದವಾಡಿ ರಸ್ತೆಯಲ್ಲಿರುವ ರೇಷ್ಮೆ ನೇಯ್ಗೆ ಕಾರ್ಖಾನೆಯಲ್ಲಿ ಅವರು ಮಗ್ಗ ನಡೆಸುತ್ತಿದ್ದರು. 1912ರಲ್ಲಿ ಅರಸರ ಕಾಲದಲ್ಲಿ ಆರಂಭವಾದ ಆ ಕಾರ್ಖಾನೆಗೆ ಮಂಡ್ಯ, ಮಳವಳ್ಳಿ, ತಿರುಮಕೂಡಲು ನರಸೀಪುರಗಳ ಕಡೆಯ ಹಳ್ಳಿಗಳಿಂದ ಬಂದು ದುಡಿಯುತ್ತಿದ್ದವರು ಅನೇಕರಿದ್ದರು. ಪಾಳಿ ಮುಗಿಸಿ ಬಂದವರಿಗೆ ಮುದ್ದೆ, ಹುರುಳಿಕಾಳಿನ ಬಸ್ಸಾರು, ಭಾನುವಾರ ಬಾಡಿನ ಸಾರು ಮಾಡಿ ಬಡಿಸುವ ಸಣ್ಣ ಮೆಸ್ಸೊಂದು ದೊಡ್ಡಪ್ಪನ ಬಾಡಿಗೆ ಮನೆಯ ಹತ್ತಿರವೇ ಇತ್ತು. ಅದಕ್ಕೆ ಬೋರ್ಡು ಇರಲಿಲ್ಲ. ಬಸ್ಸಾರಿನಲ್ಲಿ ಸೊಪ್ಪು ಬಸಿದ ನೀರು ಸ್ವಲ್ಪ ತೆಳ್ಳಗಾದರೂ ಉಣ್ಣುವವರು ತಕ್ಷಣ ಕೇಳುತ್ತಿದ್ದರು. ತಮ್ಮ ಮನೆಯ ರುಚಿ ನಾಲಿಗೆಯಲ್ಲಿ ಇರುವವರು ವಾರಕ್ಕೆ ಆರು ದಿನ ಎದುರಿಗೆ ಕೂತಿರುವಾಗ ಅಡುಗೆಯವರು ತಪ್ಪುವ ಹಾಗಿರಲಿಲ್ಲ. ನಮ್ಮ ಮೈಸೂರಿನಿಂದ ಒಳ್ಳೆಯ ತುಕ್ಪಾ ಬೇಕೆಂದವರು ಇಂದಿಗೂ ಬೈಲಕುಪ್ಪೆಗೆ ಹೋಗಿ, 1961ರಿಂದ ಅಲ್ಲಿ ನೆಲೆಸಿರುವ ಟಿಬೆಟಿನವರು ತಾವು ಉಣ್ಣುವ ಸಣ್ಣ ಅಂಗಡಿಗಳಲ್ಲಿ ಕೂರುವುದು ಇದೇ ಕಾರಣಕ್ಕೆ.

ಮರುದಿನ ಬೆಳಿಗ್ಗೆ ಅಳಿಯಂದಿರ ಬಳಿ ಬೇರೆ ಪ್ರಶ್ನೆ ಕೇಳಿದೆ. ಪೆರುವಿನ ಹೋಟೆಲು ಎಲ್ಲಿದೆ ಎಂದು ಹುಡುಕುವುದು ಬೇಡ, ಪೆರುವಿನವರು ಈ ಸೀಮೆಗೆ ಯಾವ ಕೆಲಸಕ್ಕೆ ಬಂದರು, ಬಂದು ಎಲ್ಲಿ ಇಳಿದರು, ಅದನ್ನು ಹುಡುಕಿ ಎಂದೆ. ಅದಕ್ಕೆ ಬಂದ ಉತ್ತರವನ್ನು ಓದಿ ನನಗೆ ಮೈ ಜುಮ್ಮೆಂದಿತು. ಪಾರ್ಸಿಪನಿಯಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿ ಪ್ಯಾಟರ್ಸನ್ ಎಂಬ ಊರಿದೆ. ಅದಕ್ಕೆ ರೇಷ್ಮೆ ನಗರ ಎಂದೇ ಹೆಸರು. ಪೆಸೈಕ್ ನದಿ ಅಲ್ಲಿ 77 ಅಡಿ ಎತ್ತರದಿಂದ ಧುಮುಕುತ್ತದೆ. ಆ ನೀರಿನ ಬಲವನ್ನು ನಂಬಿ 1791ರಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮುಂತಾದವರು ಕಟ್ಟಿದ ಸಂಸ್ಥೆಯಿಂದ ಆ ಕೈಗಾರಿಕಾ ಊರು ಹುಟ್ಟಿತು. ಹತ್ತಿ, ರೈಲಿನ ಎಂಜಿನ್ನು, ಕೊನೆಗೆ ರೇಷ್ಮೆ ಅಲ್ಲಿ ತಯಾರಾದವು. ಕಾವೇರಿ ಧುಮುಕುವ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ ನಮ್ಮ ಸೀಮೆಯವರಿಗೆ ಆ ಜಲಪಾತದ ಎದುರು ನಿಂತಾಗ ಊರು ನೆನಪಾಗದೆ ಇರದು. ರೇಷ್ಮೆಯ ವೈಭವ ಇಳಿದ ಮೇಲೂ ಪ್ಯಾಟರ್ಸನ್ನಿನ ಬಟ್ಟೆ ಗಿರಣಿಗಳಿಗೆ ಆಳು ಬೇಕಾಗಿತ್ತು, ಮತ್ತು 20ನೇ ಶತಮಾನದ ಉತ್ತರಾರ್ಧದಲ್ಲಿ ಆ ಗಿರಣಿಗಳಿಗೆ ಬಂದವರಲ್ಲಿ ಪೆರುವಿನವರು ಬಹಳ ಮಂದಿ ಇದ್ದರು. ಅಣ್ಣ ಬಂದ, ತಂಗಿಯನ್ನು ಕರೆಸಿಕೊಂಡ, ಪಕ್ಕದ ಮನೆಯವರು ಬಂದರು. ಗಿರಣಿಗಳು ಮುಚ್ಚಿದ ಮೇಲೂ ಜನ ಉಳಿದರು. ಈಗ ಪೆರುವಿನ ದೂತಾವಾಸದ ಕಚೇರಿಯೊಂದು ಆ ಊರಿನಲ್ಲಿದೆ, ಪೇಟೆಯ ಒಂದು ಭಾಗಕ್ಕೆ 2016ರಲ್ಲಿ ಪೆರು ಸ್ಕ್ವೇರ್ ಎಂದು ಹೆಸರಿಟ್ಟಿದ್ದಾರೆ. ಪಾಸ್‌ಪೋರ್ಟಿನ ಕೆಲಸಕ್ಕೆಂದು ದೂರದಿಂದ ಬಂದವರು ಅರ್ಧ ದಿನ ಕಾದು ಹಸಿದು ಹೊರಬರುವ ಜಾಗದ ಸುತ್ತ ಅಡುಗೆ ಚೆನ್ನಾಗಿಯೇ ಇರಬೇಕು ಎಂಬುದು ನನ್ನ ಲೆಕ್ಕವಾಗಿತ್ತು. ಹೊಸ ಊರಿನಲ್ಲಿ ಯಾವ ದೇಶದ ಊಟ ಹುಡುಕುವವರಿಗೂ ದೂತಾವಾಸದ ಬೀದಿಯನ್ನು ಮೊದಲು ನೋಡಿ ಎಂದು ಈಗ ಹೇಳುತ್ತೇನೆ.

ಆಗಸ್ಟ್ ತಿಂಗಳ ಒಂದು ಭಾನುವಾರ ಹನ್ನೆರಡೂವರೆಗೆ ಅಲ್ಲಿಗೆ ತಲುಪಿದೆವು. ಹೊತ್ತು ಆಯ್ದುಕೊಂಡದ್ದು ಬೇಕೆಂದೇ. ಸೆವಿಚೆ ಎಂಬ ಅವರ ಮೀನಿನ ತಿನಿಸಿನಲ್ಲಿ ಮೀನನ್ನು ಒಲೆಯ ಮೇಲಿಡುವುದಿಲ್ಲ. ಹಸಿ ಮೀನಿನ ತುಂಡುಗಳಿಗೆ ನಿಂಬೆಹುಳಿ ಹಿಂಡಿ, ಉಪ್ಪು, ಈರುಳ್ಳಿ, ಖಾರದ ಮೆಣಸಿನಕಾಯಿ ಬೆರೆಸಿದಾಗ ಹುಳಿಯೇ ಮೀನಿನ ಮಾಂಸವನ್ನು ಬಿಳಿಯಾಗಿಸಿ ಗಟ್ಟಿ ಮಾಡುತ್ತದೆ. ಬೆಳಗಿನ ಮೀನು ಸಂಜೆಯವರೆಗೆ ಉಳಿಯಬಾರದೆಂದು ಪೆರುವಿನಲ್ಲಿ ಸೆವಿಚೆ ಅಂಗಡಿಗಳನ್ನು ರೂಢಿಯಿಂದ ಮಧ್ಯಾಹ್ನ ಮಾತ್ರ ತೆರೆದಿಡುತ್ತಾರೆ. ಶೈತ್ಯಪೆಟ್ಟಿಗೆಯ ಈ ಕಾಲದಲ್ಲಿ, ಅದೂ ಅಮೆರಿಕದಲ್ಲಿ, ರಾತ್ರಿಯೂ ಅದನ್ನು ಕೊಡುತ್ತಾರೆ ನಿಜ. ಆದರೆ ಪೆರುವಿನವರು ತಾವಾಗಿ ಅದನ್ನು ತಿನ್ನಲು ಬರುವುದು ಮಧ್ಯಾಹ್ನವೇ. ಮ್ಯಾನ್‌ಹಟನ್ನಿನಲ್ಲಿ ನಾವು ರಾತ್ರಿ ಒಂಬತ್ತಕ್ಕೆ ಕೂತಿದ್ದೆವು.

ಪೇಟೆಬೀದಿಯಲ್ಲಿ ಒಂದರ ಪಕ್ಕ ಒಂದು ಅಂಗಡಿ. ಒಳಗೆ ಹೋಗುವ ಮೊದಲು ಎರಡು ಮೂರು ಬಾಗಿಲುಗಳ ಮುಂದೆ ನಿಂತು ನೋಡಿದೆ. ಒಂದರ ಒಳಗೆ ಮೂರು ತಲೆಮಾರು ಒಂದೇ ಮೇಜಿನ ಸುತ್ತ ಕೂತಿತ್ತು. ಅಜ್ಜಿಯೊಬ್ಬರು ಮೊಮ್ಮಗನ ತಟ್ಟೆಯಲ್ಲಿ ಮೀನಿನ ಮುಳ್ಳು ಆರಿಸುತ್ತಿದ್ದರು. ಗೋಡೆಯ ಮೇಲೆ ಕೈಬರಹದಲ್ಲಿ ಶನಿವಾರ ಭಾನುವಾರಗಳ ಅಡುಗೆಗಳ ಪಟ್ಟಿ ಇತ್ತು. ಆ ಪಟ್ಟಿಯಲ್ಲಿ ಕಾರಾಪುಲ್ಕ್ರಾ ಎಂಬ ಹೆಸರು ಕಂಡದ್ದೇ ನಾನು ಬಾಗಿಲು ತಳ್ಳಿದೆ. ಉರುಳಗೆಡ್ಡೆಯನ್ನು ಬೇಯಿಸಿ, ಹೆಚ್ಚಿ, ಬಿಸಿಲಿಗೆ ಒಣಗಿಸಿಟ್ಟು, ಬೇಕಾದಾಗ ನೆನೆಹಾಕಿ, ಕಡಲೆಕಾಯಿ, ಮೆಣಸಿನಕಾಯಿ ಮತ್ತು ಹಂದಿಯ ಮಾಂಸದೊಡನೆ ನಿಧಾನವಾಗಿ ಬೇಯಿಸುವ ಹಳೆಯ ಅಡುಗೆ ಅದು. ನಾವು ಬೇಸಿಗೆಯಲ್ಲಿ ತಾರಸಿಯ ಮೇಲೆ ಸಂಡಿಗೆ ಬಾಳಕ ಒಣಗಿಸಿ ಮಳೆಗಾಲಕ್ಕೆ ಎತ್ತಿಡುವುದನ್ನು ಬಲ್ಲವರಿಗೆ ಅದರ ಹಿಂದಿನ ದುಡಿಮೆ ಅರ್ಥವಾಗುತ್ತದೆ. ಅದನ್ನು ಹೊರಗಿನ ಗಿರಾಕಿ ಕೇಳುವುದಿಲ್ಲ. ಕೇಳುವವರಿದ್ದಾರೆಂದು ಬರೆದಿಟ್ಟ ಅಂಗಡಿಯನ್ನು ನಂಬಬಹುದು.

ಕೂತ ಕೂಡಲೇ ಕೇಳದೆಯೇ ಎರಡು ವಸ್ತುಗಳು ಬಂದವು. ಒಂದು ಬಟ್ಟಲಿನಲ್ಲಿ ಕಾಂಚಾ, ಎಂದರೆ ಎಣ್ಣೆ ಸವರಿ ಹುರಿದ ಒಂದು ಬಗೆಯ ಮುಸುಕಿನ ಜೋಳ. ಅದು ನಮ್ಮ ಪಾಪ್‌ಕಾರ್ನಿನಂತೆ ಅರಳದೆ, ಹೊರಗೆ ಗರಿಗರಿಯಾಗಿ ಒಳಗೆ ಹಿಟ್ಟುಹಿಟ್ಟಾಗಿ ಇರುತ್ತದೆ. ಇನ್ನೊಂದು ಪುಟ್ಟ ಬಟ್ಟಲಿನಲ್ಲಿ ಹಸಿರು ಗೊಜ್ಜು. ಈ ಗೊಜ್ಜಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು.

ಅಮೆರಿಕದ ನಗರಗಳಲ್ಲಿ ಪೆರುವಿನ ಹಸಿರು ಗೊಜ್ಜೆಂದು ಕೊಡುವುದು ಬಹುಪಾಲು ಕೊತ್ತಂಬರಿ ಸೊಪ್ಪು, ಮೆಕ್ಸಿಕೋದ ಹಸಿಮೆಣಸಿನಕಾಯಿ ಮತ್ತು ಮೊಟ್ಟೆಯ ಮೇಯನೇಸ್ ಸೇರಿಸಿ ರುಬ್ಬಿದ್ದು. ತಿನ್ನಲು ಚೆನ್ನಾಗಿಯೇ ಇರುತ್ತದೆ. ಆದರೆ ಪೆರುವಿನ ಬೆಟ್ಟಸೀಮೆಯವರ ಕೈಯಲ್ಲಿ ಆ ಗೊಜ್ಜಿಗೆ ವಾಕಟಾಯ್ ಎಂಬ ಸೊಪ್ಪು ಬೀಳುತ್ತದೆ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಟ್ಯಾಜೆಟಿಸ್ ಮಿನ್ಯೂಟಾ ಎಂದು ಹೆಸರು. ನಮ್ಮ ಚೆಂಡು ಹೂವಿನ ಕುಲದ್ದೇ ಗಿಡ. ಆಯುಧಪೂಜೆಯ ಹಿಂದಿನ ದಿನ ದೇವರಾಜ ಮಾರುಕಟ್ಟೆಯ ಬಾಗಿಲಲ್ಲಿ ಚೆಂಡು ಹೂವಿನ ರಾಶಿಯ ಪಕ್ಕ ನಿಂತವರಿಗೆ, ಕಾಲ ಕೆಳಗೆ ಸಿಕ್ಕಿ ನಲುಗಿದ ಅದರ ಎಲೆಯ ಘಾಟು ಗೊತ್ತಿರುತ್ತದೆ. ಕಹಿಯೂ ಅಲ್ಲದ, ಸಿಹಿಯೂ ಅಲ್ಲದ, ಮೂಗಿನ ಮೇಲ್ಭಾಗಕ್ಕೆ ಏರುವ ಹಸಿರು ವಾಸನೆ ಅದು. ಪ್ಯಾಟರ್ಸನ್ನಿನ ಆ ಮೇಜಿನ ಮೇಲೆ ಬಟ್ಟಲನ್ನು ಮೂಗಿನ ಹತ್ತಿರ ತಂದಾಗ ಅದೇ ವಾಸನೆ ಬಂತು. ತರಗತಿಯಲ್ಲಿ ಟ್ಯಾಜೆಟಿಸ್ ಕುಲದ ಲಕ್ಷಣಗಳನ್ನು ಎಷ್ಟೋ ಸಲ ಬರೆಸಿದ್ದೇನೆ. ಅದನ್ನು ತಿನ್ನಬಹುದು ಎಂದು ಒಂದು ಸಲವೂ ಹೇಳಿರಲಿಲ್ಲ. ಮಗಳು ನನ್ನ ಮುಖ ನೋಡಿ ಏನಾಯಿತಮ್ಮ ಎಂದಳು. ದಸರಾ ಬಂತು ಎಂದೆ.

ಇನ್ನು ಹಳದಿ ಗೊಜ್ಜು. ಮತ್ತೆ ಅದೇ ಪಾಪಾ ಅ ಲಾ ವಾಂಕಾಯಿನಾ ತರಿಸಿದೆ, ಹೋಲಿಸಿ ನೋಡುವುದಕ್ಕೆಂದೇ. ಅಹಿ ಅಮರಿಯೊ ಎಂದರೆ ಹಳದಿ ಮೆಣಸಿನಕಾಯಿ ಎಂದರ್ಥವಾದರೂ ಹಣ್ಣಾದಾಗ ಅದು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ರುಬ್ಬಿ ಹಾಲು ಗಿಣ್ಣು ಸೇರಿಸಿದಾಗ ಹಳದಿಯಾಗುತ್ತದೆ. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ದೇಶಕ್ಕೆ ಬಂದು, ನಾವು ಕರಿಮೆಣಸಿನ ಹೆಸರನ್ನೇ ತೊಡಿಸಿ ಮೆಣಸಿನಕಾಯಿ ಎಂದು ಕರೆದುಕೊಂಡದ್ದು ಬೇರೆ ಜಾತಿ. ಇದು ಕ್ಯಾಪ್ಸಿಕಂ ಬಕೇಟಂ ಎಂಬ ಜಾತಿ. ಖಾರಕ್ಕಿಂತ ಮೊದಲು ಹಣ್ಣಿನ ಪರಿಮಳ ಬರುತ್ತದೆ, ಖಾರ ಹಿಂದಿನಿಂದ ನಿಧಾನವಾಗಿ ಬಂದು ಗಂಟಲಲ್ಲಿ ಕೂರುತ್ತದೆ. ಬ್ಯಾಡಗಿಯ ಬದಲು ಗುಂಟೂರನ್ನು ಹಾಕಿದರೆ ನಮ್ಮ ಸಾರು ಹೇಗೆ ಬೇರೆಯಾಗುತ್ತದೋ ಹಾಗೆ, ಇದರ ಬದಲು ಬೇರೆ ಯಾವುದನ್ನು ಹಾಕಿದರೂ ಅಡುಗೆ ಬೇರೆಯೇ ಆಗುತ್ತದೆ. ತಾಜಾ ಕಾಯಿ ಅಮೆರಿಕದಲ್ಲಿ ಸುಲಭವಾಗಿ ಸಿಗುವುದಿಲ್ಲ, ಆದರೆ ಶೀಶೆಯಲ್ಲಿ ತುಂಬಿದ ಅದರ ಅರೆಪು ಪೆರುವಿನವರ ದಿನಸಿ ಅಂಗಡಿಗಳಲ್ಲಿ ಸಿಗುತ್ತದೆ. ಹಾಗಾಗಿ ಅದಿಲ್ಲವೆಂಬ ನೆಪಕ್ಕೆ ಎಡೆಯಿಲ್ಲ. ಮನಸ್ಸಿಟ್ಟು ಮಾಡುವವರು ಅದನ್ನು ತರಿಸಿಯೇ ತರಿಸುತ್ತಾರೆ.

ಆ ದಿನದ ಸೆವಿಚೆಯ ಬಗ್ಗೆ ಒಂದು ಮಾತು. ಒಂದು ಪಕ್ಕ ಬೇಯಿಸಿದ ಗೆಣಸಿನ ಬಿಲ್ಲೆ, ಇನ್ನೊಂದು ಪಕ್ಕ ಚೊಕ್ಲೊ ಎಂಬ ಹೆಬ್ಬೆರಳಿನ ಉಗುರಿನಷ್ಟು ದಪ್ಪ ಕಾಳಿನ ಜೋಳ, ನಡುವೆ ಮೀನು. ಹುಳಿ ಖಾರಗಳಿಂದ ನಾಲಿಗೆ ಚುರುಗುಟ್ಟಿದಾಗ ಗೆಣಸು ಕಚ್ಚಿದರೆ ಸಮಾಧಾನವಾಗುತ್ತದೆ. ತಟ್ಟೆಯ ತಳದಲ್ಲಿ ಉಳಿಯುವ ಹುಳಿರಸಕ್ಕೆ ಅವರು ಲೆಚೆ ದೆ ಟೀಗ್ರೆ, ಎಂದರೆ ಹುಲಿಯ ಹಾಲು, ಎನ್ನುತ್ತಾರೆ. ನಮ್ಮ ಅಜ್ಜಿಕಥೆಗಳಲ್ಲಿ ಮಲತಾಯಿ ರಾಜಕುಮಾರನನ್ನು ಕಾಡಿಗಟ್ಟಿ ತರಿಸುತ್ತಿದ್ದ ಹುಲಿಯ ಹಾಲು ಪೆರುವಿನಲ್ಲಿ ಲೋಟದಲ್ಲಿ ಸಿಗುತ್ತದೆ! ಹಸಿ ಮೀನನ್ನು ಮೊದಲ ಸಲ ಬಾಯಿಗಿಡುವಾಗ ನನಗೆ ಅಳುಕಿತ್ತು. ಮೂರನೆಯ ತುತ್ತಿಗೆ ಹೋಯಿತು. ಸೆವಿಚೆ ಮಾಡುವ ಮತ್ತು ಉಣ್ಣುವ ರೂಢಿಗಳನ್ನು ಯುನೆಸ್ಕೊ 2023ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದೆ.

ಪಟ್ಟಿಯಲ್ಲಿ ಸೋಯಾ ಸಾಸ್ ಹಾಕಿದ ಅನ್ನ, ಬಾಣಲೆಯಲ್ಲಿ ಹೊಗೆಯಾಡಿಸಿ ಹುರಿದ ದನದ ಮಾಂಸದ ಪಕ್ಕದಲ್ಲೇ ಉರುಳಗೆಡ್ಡೆಯ ಫ್ರೈ ಮತ್ತು ಅನ್ನ, ಇವೆಲ್ಲ ಕಂಡಾಗ ಅಳಿಯಂದಿರಿಗೆ ಅನುಮಾನ ಬಂತು, ಇದು ಚೀನೀ ಹೋಟೆಲಿನ ಕಲಬೆರಕೆಯಲ್ಲವೇ ಎಂದು. ನಿಜ ಅದಕ್ಕೆ ವಿರುದ್ಧವಾಗಿದೆ. 1849ರಿಂದ ಚೀನಾದ ಕೂಲಿಯಾಳುಗಳನ್ನು ಕಬ್ಬಿನ ತೋಟಗಳಿಗೂ ಹಕ್ಕಿಗೊಬ್ಬರ ತೆಗೆಯುವ ದ್ವೀಪಗಳಿಗೂ ಪೆರುವಿಗೆ ಕರೆತಂದರು. ಅವರು ಬಹಳ ಕಷ್ಟಪಟ್ಟರು, ಕರಾರು ಮುಗಿದ ಮೇಲೆ ಅನೇಕರು ಲಿಮಾಕ್ಕೆ ಬಂದು ಸಣ್ಣ ಊಟದ ಅಂಗಡಿಗಳನ್ನು ಇಟ್ಟರು. ಆ ಅಂಗಡಿಗಳನ್ನು ಚೀಫಾ ಎನ್ನುತ್ತಾರೆ, ಅಲ್ಲಿನ ಅಡುಗೆ ಈಗ ಪೆರುವಿನವರ ಮನೆಯಡುಗೆಯೇ ಆಗಿದೆ. 1899ರಲ್ಲಿ ಸಕುರಾ ಮಾರು ಎಂಬ ಹಡಗಿನಲ್ಲಿ ಜಪಾನೀಯರು ಬಂದರು. ಮೀನನ್ನು ಕೊಯ್ಯುವ ಅವರ ಕೈಚಳಕ ಸೆವಿಚೆಗೂ ತಾಗಿತು. ಆಫ್ರಿಕಾದಿಂದ ಗುಲಾಮರಾಗಿ ಬಂದವರಿಗೆ ಒಡೆಯರು ಬಿಸಾಡಿದ ದನದ ಹೃದಯವೇ ಆಂಟಿಕೂಚೊ ಎಂಬ ಕಡ್ಡಿಗೆ ಚುಚ್ಚಿದ ಕೆಂಡದ ತಿನಿಸಾಯಿತು ಎನ್ನುತ್ತಾರೆ. ಆದ್ದರಿಂದ ಪಟ್ಟಿಯಲ್ಲಿ ಸೋಯಾ ಸಾಸ್ ಕಂಡಿತೆಂದು ಎದ್ದು ಹೋಗಬಾರದು. ಹುಡುಕಬೇಕಾದ ಕೊರತೆ ಬೇರೆ ಕಡೆ ಇರುತ್ತದೆ. ಕಬ್ಬಿನ ಸೀಮೆಯಲ್ಲಿ ಹುಟ್ಟಿದ ನನಗೆ ಆ ಕಬ್ಬಿನ ತೋಟದ ಚೀನೀಯರ ಸಂಗತಿ ಓದಿದಂದಿನಿಂದ ಹುರಿದ ದನದ ಮಾಂಸದ ಆ ಅಡುಗೆಯ ಹೆಸರು, ಲೋಮೊ ಸಾಲ್ಟಾಡೊ, ಕೇಳಿದಾಗಲೆಲ್ಲ ಅವರ ನೆನಪಾಗುತ್ತದೆ.

ನಾನು ಅಲ್ಲಿ ಉಂಡದ್ದರಲ್ಲಿ ನಮ್ಮ ಮಂಡ್ಯಕ್ಕೆ ಅತಿ ಹತ್ತಿರವಾದದ್ದು ಸೆಕೊ ದೆ ಕಬ್ರಿಟೊ. ಉತ್ತರ ಪೆರುವಿನ ಕರಾವಳಿಯ ಈ ಅಡುಗೆಯಲ್ಲಿ ಎಳೆಯ ಮೇಕೆಯ ಮಾಂಸವನ್ನು ರಾಶಿ ಕೊತ್ತಂಬರಿ ಸೊಪ್ಪಿನ ಅರೆಪಿನಲ್ಲಿ ಬೇಯಿಸಿ, ಅನ್ನ ಮತ್ತು ಬೇಯಿಸಿದ ಕಾಳಿನ ಜೊತೆ ಕೊಡುತ್ತಾರೆ. ಹಸಿರು ಮಸಾಲೆಯ ಬಾಡಿನ ಸಾರನ್ನು ನೆನಪಿಸಿಕೊಳ್ಳಿ, ಗಸಗಸೆ ಕಾಯಿಗಳನ್ನು ಬಿಟ್ಟು. ಬನ್ನೂರು ಕುರಿಯ ರುಚಿ ಕಂಡ ನಾಲಿಗೆ ಸುಮ್ಮನೆ ಒಪ್ಪುವುದಿಲ್ಲ, ಅಂದು ಒಪ್ಪಿತು. ಮಗಳು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಮೂರನೆಯ ಸಲ ಹೋದಾಗ ಅಂಗಡಿಯ ಯಜಮಾನಿ ನನ್ನನ್ನು ಕಸೇರಾ ಎಂದು ಕರೆದರು. ಪೆರುವಿನ ಸಂತೆಗಳಲ್ಲಿ ಖಾಯಂ ಗಿರಾಕಿ ಮತ್ತು ಅಂಗಡಿಯವರು ಒಬ್ಬರನ್ನೊಬ್ಬರು ಹಾಗೆ ಕರೆಯುತ್ತಾರಂತೆ. ಕೆನ್ನೀಲಿ ಜೋಳವನ್ನು ಅನಾನಸಿನ ಸಿಪ್ಪೆ, ಚಕ್ಕೆ, ಲವಂಗಗಳೊಡನೆ ಕುದಿಸಿ ಸೋಸಿದ ಚಿಚಾ ಮೊರಾಡಾ ಎಂಬ ಪಾನಕವನ್ನು ನಾನು ಕುಡಿದು ಮುಗಿಸಿದ್ದನ್ನು ನೋಡಿ, ಹೂಜಿಯಿಂದ ಇನ್ನರ್ಧ ಲೋಟ ಸುರಿದು, “ಯಾಪಾ” ಎಂದರು. ಅಳಿಯಂದಿರು ಫೋನಿನಲ್ಲಿ ಅರ್ಥ ಹುಡುಕಿದರು. ಅದು ಕೆಚುವಾ ಭಾಷೆಯ ಮಾತು. ಅಳತೆ ಮುಗಿದ ಮೇಲೆ ಪ್ರೀತಿಗೆ ಕೊಡುವ ಹೆಚ್ಚಿಗೆ. ಹುಡುಕುವ ಮೊದಲೇ ನನಗೆ ಗೊತ್ತಾಗಿತ್ತು, ಅದು ಕೊಸರು ಎಂದು. ಮಂಡ್ಯದ ಸಂತೆಯಲ್ಲಿ ಸೇರು ತುಂಬಿದ ಮೇಲೆ ಅಜ್ಜಿಯೊಬ್ಬರು ಬೊಗಸೆಯಲ್ಲಿ ಇನ್ನಷ್ಟು ಅವರೆಕಾಯಿ ಚೀಲಕ್ಕೆ ಹಾಕುವಾಗ ಆಡುವ ಮಾತು. ಆ ಪಾನಕವೂ ಒಂದು ಪರೀಕ್ಷೆಯೇ. ಪುಡಿ ಕಲಸಿ ಮಾಡಿದ್ದರಲ್ಲಿ ಬರಿಯ ಸಿಹಿ ಇರುತ್ತದೆ. ಜೋಳ ಕುದಿಸಿ ಮಾಡಿದ್ದರಲ್ಲಿ ಲವಂಗದ ಹಿಂದೆ ತೆನೆಯ ಒಗರು ಸಣ್ಣಗೆ ಉಳಿಯುತ್ತದೆ.

ನ್ಯೂಯಾರ್ಕ್ ನಗರದೊಳಗೇ ಹುಡುಕುವವರಿಗೆ ಕ್ವೀನ್ಸ್ ಭಾಗದ ಜಾಕ್ಸನ್ ಹೈಟ್ಸ್ ಹೇಳಬೇಕು. 74ನೇ ಬೀದಿಯಲ್ಲಿ ನಮ್ಮವರ ಸೀರೆ, ಒಡವೆ, ದಿನಸಿಯ ಅಂಗಡಿಗಳಿವೆ. ಅಲ್ಲಿಂದ ರೂಸ್‌ವೆಲ್ಟ್ ಅವೆನ್ಯೂಗೆ ತಿರುಗಿ, ತಲೆಯ ಮೇಲೆ ಓಡುವ 7ನೇ ನಂಬರಿನ ರೈಲಿನ ಕೆಳಗೆ ನಡೆದರೆ ದಕ್ಷಿಣ ಅಮೆರಿಕದ ಅನೇಕ ದೇಶಗಳ ಊಟ ಎದುರಾಗುತ್ತದೆ. ಅಲ್ಲಿ ನೋಡಬೇಕಾದದ್ದು ಪೊಯೊ ಅ ಲಾ ಬ್ರಾಸಾ, ಸಲಾಕೆಗೆ ಚುಚ್ಚಿ ಕೆಂಡದೆದುರು ತಿರುಗಿಸುತ್ತ ಬೇಯಿಸುವ, 1950ರಲ್ಲಿ ಲಿಮಾದ ಹತ್ತಿರದ ಸಾಂತಾ ಕ್ಲಾರಾದಲ್ಲಿ ರೋಜರ್ ಶೂಲರ್ ಎಂಬ ಸ್ವಿಸ್ ಮನುಷ್ಯ ಆರಂಭಿಸಿದ ಕೋಳಿಯ ಅಡುಗೆ. ಉತ್ತರ ಪೆರುವಿನಲ್ಲಿ ಕೆಂಡಕ್ಕೆ ಅಲ್ಗರೋಬೊ ಮರದ ಇದ್ದಿಲು ಬಳಸುತ್ತಾರೆ, ಅದು ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ನೆಂಟ. ಇದ್ದಿಲ ಹೊಗೆ ಬೀದಿಗೆ ಬರುತ್ತಿದೆಯೇ, ಗ್ಯಾಸಿನ ಒಲೆಯೇ ಎಂಬುದನ್ನು ಬಾಗಿಲಲ್ಲೇ ಮೂಗು ಹೇಳುತ್ತದೆ.

ಸಸ್ಯಾಹಾರಿ ಓದುಗರು ಮೈಸೂರಿನಲ್ಲಿ ಬಹಳ ಮಂದಿ ಇದ್ದೀರಿ, ನಿಮಗೂ ಅಲ್ಲಿ ಊಟವಿದೆ. ವಾಂಕಾಯಿನಾವನ್ನು ಮೊಟ್ಟೆಯಿಲ್ಲದೆ ಕೇಳಿ. ಅರೆಕಿಪಾ ಊರಿನ ಒಕೋಪಾ ಕೇಳಿ. ಉರುಳಗೆಡ್ಡೆಯ ಮೇಲೆ ಕಡಲೆಕಾಯಿ, ವಾಕಟಾಯ್, ಹಳದಿ ಮೆಣಸಿನಕಾಯಿಗಳ ಗೊಜ್ಜು ಅದು, ನಮ್ಮ ಕಡಲೆಕಾಯಿ ಚಟ್ನಿಯ ದೂರದ ಅಕ್ಕನಂತಿರುತ್ತದೆ. ಕೌಸಾ ಎಂಬ ನಿಂಬೆಹುಳಿಯ ಉರುಳಗೆಡ್ಡೆ ಮುದ್ದೆಯ ಒಳಗೆ ಕೋಳಿ ಅಥವಾ ಮೀನು ತುಂಬಿರುತ್ತಾರೆ, ಬೆಣ್ಣೆಹಣ್ಣಿನದು ಇದೆಯೇ ಎಂದು ವಿಚಾರಿಸಿ. ಅನ್ನ ಮತ್ತು ಕಾಳುಗಳಲ್ಲಿ ಮಾಂಸದ ರಸ ಸೇರಿದೆಯೇ ಎಂದು ಕೇಳದೆ ಉಣ್ಣಬೇಡಿ.

ಅಕ್ಟೋಬರ್ ಬಂದಾಗ ಪ್ಯಾಟರ್ಸನ್ನಿನ ಅಂಗಡಿಗಳಲ್ಲಿ ನೇರಳೆ ಬಣ್ಣದ ರಿಬ್ಬನ್ನುಗಳು ಕಂಡವು. ಲಿಮಾದಲ್ಲಿ ಆ ತಿಂಗಳು ಪವಾಡಗಳ ಪ್ರಭು ಎಂದು ಕರೆಯುವ ಕ್ರಿಸ್ತನ ಮೆರವಣಿಗೆ. ನೇರಳೆ ಉಡುಗೆಯ ಜನಸಾಗರ ಬೀದಿಗಿಳಿಯುತ್ತದೆ, ದೋನ್ಯಾ ಪೆಪಾಳ ತುರೋನ್ ಎಂಬ ಸೋಂಪಿನ ಪರಿಮಳದ ಪಾಕದ ಸಿಹಿಯನ್ನು ಮನೆಮನೆಯಲ್ಲಿ ಹಂಚುತ್ತಾರೆ. ಯಜಮಾನಿ ನನಗೊಂದು ತುಂಡನ್ನು ಕಾಗದದಲ್ಲಿ ಸುತ್ತಿಕೊಟ್ಟರು. ಮೈಸೂರಿನಲ್ಲಿ ಅದೇ ತಿಂಗಳು ಅಂಬಾರಿ ಹೊರಡುತ್ತದೆ ಎಂದು ನಾನು ಫೋನಿನಲ್ಲಿ ಅವರಿಗೆ ಆನೆಯ ಚಿತ್ರ ತೋರಿಸಿದೆ. ಆ ಚಿತ್ರದಲ್ಲಿ ಆನೆಗಿಂತ ಮೊದಲು ಅವರು ಬೆರಳಿಟ್ಟು ತೋರಿಸಿದ್ದು ಚೆಂಡು ಹೂವಿನ ಹಾರವನ್ನು.

ಈ ಬರಹವನ್ನು ಬರೆಯಲು ಕಾರಣ ನನ್ನ ತಂಗಿಯ ಮಗ. ಮಂಡ್ಯದ ಹುಡುಗ, ಮುಂದಿನ ತಿಂಗಳು ಕೆಲಸಕ್ಕೆಂದು ನ್ಯೂಯಾರ್ಕಿಗೆ ಹೊರಟಿದ್ದಾನೆ. ದೊಡ್ಡಮ್ಮ, ಅಲ್ಲಿ ಯಾವ ಹೋಟೆಲು ಚೆನ್ನಾಗಿದೆ, ಹೆಸರು ಬರೆದುಕೊಡಿ ಎಂದ. ಅಂಗಡಿಗಳು ಕೈ ಬದಲಾಗುತ್ತವೆ, ಅಡುಗೆಯವರು ಊರು ಬಿಡುತ್ತಾರೆ. ಹೆಸರು ಕೊಟ್ಟರೆ ಎರಡು ವರ್ಷಕ್ಕೆ ಹಳತಾಗುತ್ತದೆ. ಮೊನ್ನೆ ಅವನು ಮೈಸೂರಿಗೆ ಬಂದಿದ್ದಾಗ ತಾರಸಿಗೆ ಕರೆದುಕೊಂಡು ಹೋಗಿ, ಕುಂಡದಲ್ಲಿದ್ದ ಚೆಂಡು ಹೂವಿನ ಗಿಡದಿಂದ ಎರಡು ಎಲೆ ಕಿತ್ತು, ಅಂಗೈಯಲ್ಲಿ ಉಜ್ಜಿ ಅವನಿಗೆ ಮೂಸಿಸಿದೆ. ಭಾನುವಾರ ಒಂದು ಗಂಟೆಯೊಳಗೆ ಹೋಗು, ಹಸಿರು ಬಟ್ಟಲು ಬಂದ ಕೂಡಲೇ ಮೊದಲು ಇದನ್ನು ಹುಡುಕು ಎಂದೆ. ಅವನು ಕೈಯನ್ನು ಮತ್ತೊಮ್ಮೆ ಮೂಗಿನ ಹತ್ತಿರ ತಂದುಕೊಂಡ.